ಮನೆಗೆ ಮೊದಲು ನೆಲ

ಮನೆಯೊಂದರ ಚರಿತ್ರೆ ಎಲ್ಲಿಂದ ಆರಂಭವಾಗುತ್ತದೆಂದು ಕೇಳಿದರೆ ನಮ್ಮಲ್ಲಿ ಬಹುಮಂದಿ ಪಾಯದ ಪೂಜೆಯ ದಿನವನ್ನು ಹೇಳುತ್ತಾರೆ. ಇನ್ನು ಕೆಲವರು ಗೃಹಪ್ರವೇಶದ ದಿನವನ್ನು ಹೇಳಬಹುದು. ಆ ದಿನದ ಊಟ ಎಲ್ಲರಿಗೂ ನೆನಪಿರುತ್ತದೆ. ಆದರೆ ಪಾಯಕ್ಕೂ ಮುಂಚೆ ಒಂದು ಕೆಲಸವುಂಟು. ಪೊದೆ ಸವರಬೇಕು, ಬೇರು ಕೀಳಬೇಕು, ದಿಬ್ಬ ಕಡಿದು ತಗ್ಗಿಗೆ ತುಂಬಬೇಕು, ನೀರಿಗೆ ದಾರಿ ತೋರಿಸಬೇಕು. ಈ ಕೆಲಸಕ್ಕೆ ಮುಹೂರ್ತವಿಲ್ಲ, ಆಮಂತ್ರಣ ಪತ್ರಿಕೆಯಿಲ್ಲ, ಭಾವಚಿತ್ರವೂ ಇಲ್ಲ. ಮನೆ ಎದ್ದ ಮೇಲೆ ಅದು ನಡೆದಿತ್ತೆಂಬುದೇ ಮರೆತುಹೋಗುತ್ತದೆ. ಹೀಗೆ ಮರೆತುಹೋಗುವ ಕೆಲಸವನ್ನು ಕುರಿತು ಕೆಲವು ಮಾತು ಹೇಳಬೇಕೆಂದಿದ್ದೇನೆ.

ನಾನು ಚರಿತ್ರೆಯ ಮೇಷ್ಟರಾಗಿದ್ದವನು. ಮೂವತ್ತು ವರ್ಷ ಪೇಟೆಯ ಶಾಲೆಯಲ್ಲಿ ಕದಂಬರು, ಹೊಯ್ಸಳರು, ವಿಜಯನಗರ ಎಂದು ಪಾಠ ಹೇಳಿದೆ. ನನ್ನ ತಮ್ಮ ಸಾಗರ ತಾಲ್ಲೂಕಿನ ನಮ್ಮ ಹಳ್ಳಿಯಲ್ಲಿಯೇ ಉಳಿದು ತೋಟ ನೋಡಿಕೊಂಡವನು. ತಂದೆ ಕಟ್ಟಿದ ಮನೆ ಈಗ ಶಿಥಿಲವಾಗಿದೆ. ಧರೆಗೆ ತೀರ ಒತ್ತಿ ಕಟ್ಟಿದ್ದರಿಂದ ಮಳೆಗಾಲದಲ್ಲಿ ಹಿಂಬದಿಯ ಗೋಡೆ ಒಸರುತ್ತದೆ. ಶ್ರಾವಣದಲ್ಲಿ ಅಡಿಗೆ ಮನೆಯೊಳಗೇ ಒರತೆ ಏಳುತ್ತದೆ. ಮೇಲುಗಡೆ ಐವತ್ತು ಮಾರು ದೂರದಲ್ಲಿ ಒಂದು ಸಮತಟ್ಟಾದ ಜಾಗವಿದೆ. ಬೆಳಕು ಬೀಳುವ, ಗಾಳಿಯಾಡುವ, ನೀರು ನಿಲ್ಲದ ಜಾಗ. ಅಲ್ಲಿ ಹೊಸ ಮನೆ ಕಟ್ಟೋಣವೆಂದು ತಮ್ಮ ಬರೆದ. ಸಂಕ್ರಾಂತಿ ಕಳೆದ ಮೇಲೆ ಪೊದೆ ಸವರಲು ನಾನೂ ಹೋದೆ.

ಬೆಳಗಿನ ಇಬ್ಬನಿ ಆರುವ ಮುನ್ನ ಕತ್ತಿ, ಗುದ್ದಲಿ, ಹಾರೆ, ಪಿಕಾಸಿಗಳೊಡನೆ ಆರು ಜನ ಸೇರಿದೆವು. ಜಾಗವನ್ನೆಲ್ಲ ಲಂಟಾನ ಮುಚ್ಚಿತ್ತು. ಈ ಗಿಡ ನಮ್ಮದಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಅಮೆರಿಕ ಖಂಡದ ಕಡೆಯಿಂದ ಅಲಂಕಾರದ ಹೂಗಿಡವಾಗಿ ತೋಟಗಳಿಗೆ ಬಂದು, ಬೇಲಿ ಹಾರಿ, ಇಂದು ದೇಶದ ಕಾಡುಗಳನ್ನೆಲ್ಲ ವ್ಯಾಪಿಸಿದೆ. ಕಾಡೆಂದು ನಾವು ತಿಳಿದುಕೊಳ್ಳುವ ಎಷ್ಟೋ ಹಸುರು ನೂರಿನ್ನೂರು ವರ್ಷದ ಅತಿಥಿ. ಅದನ್ನು ಬುಡಸಹಿತ ಕೀಳುತ್ತ ಮಧ್ಯಾಹ್ನದ ಹೊತ್ತಿಗೆ ಅರ್ಧ ಜಾಗ ಬಯಲು ಮಾಡಿದ್ದೆವು. ಆಗ ತಮ್ಮನ ಹಾರೆಗೆ ಕಲ್ಲು ತಗುಲಿತು. ಮಣ್ಣು ಸರಿಸಿದರೆ ಒಂದು ಒರಳುಕಲ್ಲು. ಅದರಾಚೆಗೆ ಜಂಬಿಟ್ಟಿಗೆಯ ಒಂದು ಸಾಲು. ಇನ್ನಷ್ಟು ಸರಿಸಿದರೆ ಮೂಲೆ ತಿರುಗಿ ಮತ್ತೊಂದು ಸಾಲು. ಅದು ಮನೆಯೊಂದರ ಪಂಚಾಂಗವೆಂಬುದರಲ್ಲಿ ಸಂದೇಹವಿರಲಿಲ್ಲ.

ಕಾಡು ಸವರಲು ಹೋದ ನಮಗೆ ಮನೆ ಸಿಕ್ಕಿತು.

ಆ ಸಂಜೆ ನನಗೆ ಶಾಸನಗಳ ನೆನಪಾಯಿತು. ನಮ್ಮ ದಾನಶಾಸನಗಳಲ್ಲಿ ಭೂಮಿ ಕೊಟ್ಟಾಗ ಅಷ್ಟಭೋಗತೇಜಃಸ್ವಾಮ್ಯವೆಂದು ಎಂಟು ಹಕ್ಕುಗಳನ್ನು ಎಣಿಸುವುದು ವಾಡಿಕೆ: ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ. ಮಕ್ಕಳಿಗೆ ಈ ಪಟ್ಟಿಯನ್ನು ಬಾಯಿಪಾಠ ಮಾಡಿಸಿದ್ದೆನೇ ಹೊರತು ಕೊನೆಯ ಎರಡು ಮಾತುಗಳ ಮೇಲೆ ನಾನೇ ನಿಂತು ಯೋಚಿಸಿರಲಿಲ್ಲ. ಸಿದ್ಧವೆಂದರೆ ಈಗಾಗಲೇ ಹಸನಾಗಿರುವ ನೆಲ. ಸಾಧ್ಯವೆಂದರೆ ಮುಂದೆ ದುಡಿದು ಹಸನು ಮಾಡಬಹುದಾದದ್ದು. ನಮ್ಮ ಹಿರಿಯರು ನೆಲವನ್ನು ಕಂಡ ಬಗೆ ಅದರಲ್ಲಿದೆ. ಇಂದಿನ ದಾಖಲೆಯಲ್ಲಿ ನೆಲ ಒಂದೋ ಕಾಡು, ಇಲ್ಲವೇ ಕೃಷಿಭೂಮಿ, ಇಲ್ಲವೇ ನಿವೇಶನ. ಶಾಸನದ ಕಣ್ಣಿಗೆ ಅದು ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ನಡೆಯುತ್ತಿರುವ ವಸ್ತು. ಅದೇ ಶಾಸನಗಳಲ್ಲಿ ಎಲ್ಲೆ ಹೇಳುವಾಗ ಹುಣಿಸೆಮರ, ಆಲದಮರ, ಹುತ್ತ, ಕೆರೆಯ ಕೋಡಿ ಇವು ಗುರುತುಗಳಾಗಿ ಬರುತ್ತವೆ. ನಾವು ನೆಲ ಬಯಲು ಮಾಡುವಾಗ ಮೊದಲು ತೆಗೆದುಹಾಕುವ ವಸ್ತುಗಳನ್ನೇ ಅವರು ಸಾಕ್ಷಿಗಳನ್ನಾಗಿ ಇಟ್ಟುಕೊಂಡಿದ್ದರು.

ಮರುದಿನ ಮೇಸ್ತ್ರಿ ಬಂದ. ಪಂಚಾಂಗದಿಂದ ಸ್ವಲ್ಪ ದೂರದಲ್ಲಿ ಮೊಳದುದ್ದದ ಒಂದು ಗುಂಡಿ ತೋಡಿಸಿದ. ತೋಡಿದ ಮಣ್ಣನ್ನು ಮತ್ತೆ ಅದರೊಳಗೇ ತುಂಬಿಸಿದ. ಗುಂಡಿ ತುಂಬಿ ಒಂದು ಬುಟ್ಟಿಯಷ್ಟು ಮಣ್ಣು ಮಿಕ್ಕಿತು. "ಜಾಗ ಒಳ್ಳೇದದೆ ಮೇಷ್ಟ್ರೇ, ಮಣ್ಣು ಮಿಕ್ತು" ಎಂದ. ಇದನ್ನು ಯಾರು ಕಲಿಸಿದರೆಂದು ಕೇಳಿದರೆ, "ನಮ್ಮಪ್ಪ ಹೀಂಗೇ ನೋಡ್ತಿದ್ದ" ಎಂದು ಮುಗಿಸಿದ.

ಆರನೆಯ ಶತಮಾನದ ವರಾಹಮಿಹಿರ ತನ್ನ ಬೃಹತ್ಸಂಹಿತೆಯ ವಾಸ್ತುವಿದ್ಯೆಯ ಅಧ್ಯಾಯದಲ್ಲಿ ಈ ಪರೀಕ್ಷೆಯನ್ನೇ ಹೇಳಿದ್ದಾನೆ. ಹಸ್ತಪ್ರಮಾಣದ ಗುಂಡಿ ತೋಡಿ ಅದೇ ಮಣ್ಣಿನಿಂದ ತುಂಬಿದಾಗ ಮಣ್ಣು ಸಾಲದೆ ಹೋದರೆ ನೆಲ ಅನಿಷ್ಟ, ಸರಿಯಾದರೆ ಮಧ್ಯಮ, ಮಿಕ್ಕರೆ ಉತ್ತಮ. ಗುಂಡಿಗೆ ನೀರು ತುಂಬಿ ನೂರು ಹೆಜ್ಜೆ ಹೋಗಿ ಬರುವಷ್ಟರಲ್ಲಿ ನೀರು ತಗ್ಗದಿದ್ದರೆ ಒಳ್ಳೆಯದೆಂದು ಇನ್ನೊಂದು ಪರೀಕ್ಷೆಯೂ ಅಲ್ಲಿದೆ. ಇವುಗಳಲ್ಲಿ ಶಕುನಕ್ಕಿಂತ ವಿವೇಕ ಹೆಚ್ಚು. ಬಿಗಿಯಾಗಿ ಕೂತ ಮಣ್ಣನ್ನು ಅಗೆದರೆ ಅದು ಸಡಿಲವಾಗಿ ಉಬ್ಬುತ್ತದೆ, ಹಿಂದಿನ ಗುಂಡಿಯಲ್ಲಿ ಹಿಡಿಸುವುದಿಲ್ಲ. ಮೊದಲೇ ಪೊಳ್ಳಾಗಿದ್ದ ಮಣ್ಣು ತುಳಿದಾಗ ಕುಸಿಯುತ್ತದೆ. ಗೋಡೆಯ ಭಾರವನ್ನು ಹೊರುವ ನೆಲ ಯಾವುದು, ಹೊರಲಾರದ ನೆಲ ಯಾವುದು ಎಂಬುದು ಒಂದು ಬುಟ್ಟಿ ಮಣ್ಣಿನಿಂದ ತಿಳಿಯುತ್ತದೆ. ಉತ್ತು, ಬೀಜ ಬಿತ್ತಿ ಮೊಳೆಯಿಸಿ, ದನಗಳನ್ನು ತಂಗಿಸಿದ ನೆಲದಲ್ಲಿ ಮನೆಗೆ ತೊಡಗಬೇಕೆಂದೂ ಅದೇ ಗ್ರಂಥ ಹೇಳುತ್ತದೆ. ಅವಸರ ಬೇಡವೆಂಬುದನ್ನು ಶಾಸ್ತ್ರ ಹೇಳುವ ರೀತಿಯಿದು.

ಮರದ ವಿಷಯದಲ್ಲಿ ಶಾಸ್ತ್ರದ ನಯ ಇನ್ನೂ ಹೆಚ್ಚು. ವಿಗ್ರಹಕ್ಕೆ ಮರ ಕಡಿಯುವ ವಿಧಿಯನ್ನು ಹೇಳುವಾಗ ವರಾಹಮಿಹಿರ, ಆ ಮರದಲ್ಲಿ ವಾಸಿಸುವ ಭೂತಗಳು ಬಲಿಯನ್ನು ಸ್ವೀಕರಿಸಿ ಬೇರೆ ಕಡೆ ಬಿಡಾರ ಮಾಡಿಕೊಳ್ಳಲಿ, ನಮ್ಮನ್ನು ಕ್ಷಮಿಸಲಿ ಎಂದು ಹಿಂದಿನ ಸಂಜೆಯೇ ಪ್ರಾರ್ಥಿಸಬೇಕೆನ್ನುತ್ತಾನೆ. ಒಕ್ಕಲೆಬ್ಬಿಸುವವನು ಒಕ್ಕಲಾಗಿರುವವನಿಗೆ ಮುನ್ಸೂಚನೆ ಕೊಡಬೇಕು, ಏನನ್ನಾದರೂ ಕೈಯಲ್ಲಿ ಇಡಬೇಕು, ತಪ್ಪಾಯಿತೆನ್ನಬೇಕು. ಈಗ 1976ರ ಮರಗಳ ಸಂರಕ್ಷಣೆಯ ಕಾಯಿದೆಯಿದೆ. ಅಪ್ಪಣೆಯನ್ನು ಅಧಿಕಾರಿಯಿಂದ ಪಡೆಯುತ್ತೇವೆ. ಅದು ಬೇಕಾದದ್ದೇ. ಆದರೆ ಅರ್ಜಿಯ ನಮೂನೆಯಲ್ಲಿ ಕ್ಷಮೆ ಕೇಳುವುದಕ್ಕೆ ಅಂಕಣವಿಲ್ಲ.

ಮಹಾಭಾರತದಲ್ಲಿ ಖಾಂಡವವನ ಉರಿದದ್ದು ನಿಮಗೆ ತಿಳಿದೇ ಇದೆ. ಅಲ್ಲಿ ಮುನ್ಸೂಚನೆಯೂ ಇಲ್ಲ, ಕ್ಷಮೆಯೂ ಇಲ್ಲ. ತಕ್ಷಕ ಆ ದಿನ ಅಲ್ಲಿರಲಿಲ್ಲವಾದ್ದರಿಂದ ಉಳಿದ. ಅರ್ಜುನನ ಮೊಮ್ಮಗ ಪರೀಕ್ಷಿತನ ಕಾಲಕ್ಕೆ ಹಾವಾಗಿ ಬಂದ. ನಮ್ಮ ಮಲೆನಾಡಿನಲ್ಲಿ ಮನೆಜಾಗದಲ್ಲಿ ಹುತ್ತ ಸಿಕ್ಕಿದರೆ ಮನೆಯನ್ನೇ ನಾಲ್ಕು ಮಾರು ಸರಿಸುವುದುಂಟು. ಅದರ ಹಿಂದೆ ಈ ಕಥೆಯ ಭಯ ಸ್ವಲ್ಪವಾದರೂ ಇರಬೇಕು. ನಮ್ಮ ಜಾಗದ ಈಶಾನ್ಯಕ್ಕೂ ಒಂದು ಹುತ್ತವಿದೆ. ಅದನ್ನು ಮುಟ್ಟಲಿಲ್ಲ.

ಮಲೆನಾಡಿನಲ್ಲಿ ಮನೆಜಾಗ ಮಾಡುವುದೆಂದರೆ ಗುಡ್ಡದೊಡನೆ ಒಪ್ಪಂದ ಮಾಡಿಕೊಂಡಂತೆ. ಇಳಿಜಾರನ್ನು ಕಡಿದು ಹಿಂದೆ ಧರೆ ಬಿಡುತ್ತೇವೆ. ಕಡಿದ ಮಣ್ಣನ್ನು ಮುಂದೆ ಹಾಕಿ ಅಂಗಳ ಮಾಡುತ್ತೇವೆ. ಗೋಡೆ ಕಡಿದ ನೆಲದ ಮೇಲೆ ನಿಲ್ಲಬೇಕು, ತುಂಬಿದ ನೆಲದ ಮೇಲಲ್ಲ. ಧರೆಯ ನೆತ್ತಿಯಲ್ಲಿ ಅಗಳ ತೋಡಿ ಮೇಲಿನ ನೀರನ್ನು ಆಚೀಚೆ ತಿರುಗಿಸಬೇಕು. ಮರದ ಬುಡವನ್ನು ಬೇರುಸಹಿತ ತೆಗೆಯಬೇಕು. ಬಿಟ್ಟರೆ ಒಳಗೇ ಕೊಳೆತು ನೆಲ ಕುಸಿಯುತ್ತದೆ, ಗೆದ್ದಲು ಅದೇ ದಾರಿಯಿಂದ ಕಂಬಕ್ಕೆ ಹತ್ತುತ್ತದೆ. ಇಷ್ಟಾದ ಮೇಲೆ ಒಂದು ಮಳೆಗಾಲ ಸುಮ್ಮನೆ ಬಿಡಬೇಕು. ಕೂರಬೇಕಾದ ಮಣ್ಣು ಕೂರುತ್ತದೆ, ಹರಿಯಬೇಕಾದ ನೀರು ತನ್ನ ಹಾದಿಯನ್ನು ತೋರಿಸುತ್ತದೆ.

ಗೋಡೆಗೆ ಕಲ್ಲು ಜಂಬಿಟ್ಟಿಗೆಯದು. ಟಿಪ್ಪು ಸುಲ್ತಾನನ ಪತನಾನಂತರ ಕಂಪನಿ ಸರ್ಕಾರದ ಅಪ್ಪಣೆಯಂತೆ ಈ ನಾಡುಗಳನ್ನು ಸುತ್ತಿದ ವೈದ್ಯ ಫ್ರಾನ್ಸಿಸ್ ಬುಕಾನನ್ ಈ ಕಲ್ಲನ್ನು ಮಲಬಾರಿನ ಅಂಗಾಡಿಪುರದಲ್ಲಿ ಗಮನಿಸಿದ. ನೆಲದೊಳಗಿದ್ದಾಗ ಕೊಡಲಿಯಿಂದ ಕತ್ತರಿಸುವಷ್ಟು ಮೆದು, ಗಾಳಿಗೆ ಬಿಟ್ಟರೆ ಗಟ್ಟಿ. ಇಲ್ಲಿನ ಜನ ಇದನ್ನು ಇಟ್ಟಿಗೆ ಕಲ್ಲು ಎನ್ನುತ್ತಾರೆಂದು ಬರೆದುಕೊಂಡು, ಇಟ್ಟಿಗೆಗೆ ಲ್ಯಾಟಿನ್ನಿನಲ್ಲಿರುವ ಮಾತಿನಿಂದ ಲ್ಯಾಟರೈಟ್ ಎಂಬ ಹೆಸರಿಟ್ಟ. 1807ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಅವನ ಪ್ರವಾಸಗ್ರಂಥದಿಂದ ಆ ಹೆಸರು ಲೋಕದ ಭೂವಿಜ್ಞಾನಕ್ಕೆ ಹೋಯಿತು. ಅದೇ ಪ್ರವಾಸದಲ್ಲಿ 1801ರಲ್ಲಿ ಅವನು ನಮ್ಮ ಇಕ್ಕೇರಿ, ಸಾಗರ ಸೀಮೆಗಳನ್ನೂ ಹಾದುಹೋದ. ನಮ್ಮ ಮಲೆನಾಡು ಕೆಳದಿಯ ನಾಯಕರ ಕಾಲದಿಂದ ಅಡಿಕೆ, ಮೆಣಸಿಗೆ ಹೆಸರಾಗಿದ್ದ ನಾಡು; ಶಿವಪ್ಪನಾಯಕನ ಶಿಸ್ತು ಹದಿನೇಳನೆಯ ಶತಮಾನದಲ್ಲಿಯೇ ಇಲ್ಲಿನ ಗದ್ದೆ, ತೋಟಗಳನ್ನು ಲೆಕ್ಕ ಹಾಕಿತ್ತು. ಮನುಷ್ಯರ ಕೈ ಸೋಕದ ಕಾಡೆಂಬುದು ಇಲ್ಲಿ ನಾವು ಭಾವಿಸುವುದಕ್ಕಿಂತ ಬಹಳ ಕಡಿಮೆ.

ಹಾಗಾದರೆ ನಮಗೆ ಸಿಕ್ಕಿದ ಮನೆಯವರು ಎಲ್ಲಿಗೆ ಹೋದರು? ಹೆಸರು ಹೇಳುವವರು ಯಾರೂ ಇಲ್ಲ. ಆದರೆ ಮಲೆನಾಡಿನಲ್ಲಿ ಮನೆಗಳು ಏಕೆ ಹಾಳುಬಿದ್ದವೆಂಬುದು ತಿಳಿದ ಸಂಗತಿ. ಚಳಿಜ್ವರ ಊರೂರನ್ನೇ ಖಾಲಿ ಮಾಡಿತು. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಮೈಸೂರು ಸಂಸ್ಥಾನದ ಮಲೆನಾಡು ತಾಲ್ಲೂಕುಗಳಲ್ಲಿ ಜನ ಕಡಿಮೆಯಾಗುತ್ತ ಹೋದರು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ 1912ರಿಂದ 1918ರ ಅವಧಿಯಲ್ಲಿ ಮಲೆನಾಡು ಅಭಿವೃದ್ಧಿ ಯೋಜನೆಯೆಂಬುದೇ ಆರಂಭವಾಗಬೇಕಾಯಿತು. ಡಿಡಿಟಿ ಬಂದು, 1953ರಲ್ಲಿ ರಾಷ್ಟ್ರೀಯ ಮಲೇರಿಯ ನಿಯಂತ್ರಣ ಕಾರ್ಯಕ್ರಮ ತೊಡಗಿದ ಮೇಲೆ ಜನ ಮತ್ತೆ ಧೈರ್ಯವಾಗಿ ಕಾಡಂಚಿಗೆ ಬಂದರು. ಬಂದವರಿಗೆ ಇನ್ನೊಂದು ಕಾದಿತ್ತು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತುಬೀಳತೊಡಗಿದವು, ಜನರಿಗೂ ಜ್ವರ ಬಂದಿತು. ಉಣುಗಿನಿಂದ ಹರಡುವ ಆ ರೋಗಕ್ಕೆ ಕ್ಯಾಸನೂರು ಕಾಡಿನ ಹೆಸರೇ ನಿಂತಿತು. ನಾವು ಮಂಗನ ಕಾಯಿಲೆಯೆನ್ನುತ್ತೇವೆ. ಕಾಡು ಕಡಿದು, ದನ ಮೇಯಿಸಿ, ಜನ ಒಳನುಗ್ಗಿದಷ್ಟೂ ಉಣುಗಿಗೂ ಮನುಷ್ಯನಿಗೂ ಸಂಪರ್ಕ ಹೆಚ್ಚಿತೆಂಬುದು ವಿದ್ವಾಂಸರ ಅಭಿಪ್ರಾಯ. 2019ರಲ್ಲಿ ನಮ್ಮ ತಾಲ್ಲೂಕಿನ ಅರಳಗೋಡಿನ ಸುತ್ತ ಅದು ಮತ್ತೆ ಜೀವಗಳನ್ನು ಕೊಂಡೊಯ್ದಿತು. ಪೊದೆ ಸವರುವ ಮುನ್ನ ನಾವೂ ಕೈಕಾಲಿಗೆ ಉಣುಗಿನ ಎಣ್ಣೆ ಹಚ್ಚಿಕೊಂಡೇ ಇಳಿದದ್ದು.

ಮೂರನೆಯ ದಿನ ತಾಯಿಯನ್ನು ಕೈಹಿಡಿದು ಮೇಲಕ್ಕೆ ಕರೆತಂದೆವು. ಅವರಿಗೀಗ ತೊಂಬತ್ತರ ಸಮೀಪ. ಒರಳನ್ನು ಕಂಡು ಆಶ್ಚರ್ಯಪಡುತ್ತಾರೆಂದು ನಾನು ಎಣಿಸಿದ್ದೆ. ಅವರು ಅದರ ಅಂಚಿನ ಮೇಲೆ ಕುಳಿತು, "ಇದು ಇಲ್ಲಿರೋದು ನಂಗೆ ಗೊತ್ತಿತ್ತು ಕಣೋ" ಎಂದರು.

ಇಲ್ಲಿ ನಮ್ಮ ಮನೆಯ ಕಥೆಯನ್ನು ಸ್ವಲ್ಪ ಹೇಳಬೇಕು. ನಾವು ಶರಾವತಿಯ ಮುಳುಗಡೆಯವರು. ನನ್ನ ಅಜ್ಜನ ಮನೆ ಲಿಂಗನಮಕ್ಕಿಯ ನೀರಿನ ತಳದಲ್ಲಿದೆ. ಅದಕ್ಕೂ ಹಿಂದೆ, 1940ರ ದಶಕದಲ್ಲಿ, ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟಿನಿಂದ ಒಮ್ಮೆ ಜನ ಎದ್ದಿದ್ದರು. 1964ರಲ್ಲಿ ಲಿಂಗನಮಕ್ಕಿ ಪೂರ್ಣವಾದಾಗ ಆ ಹಳೆಯ ಅಣೆಕಟ್ಟೇ ಮುಳುಗಿತು. ನೀರು ತೀರ ಇಳಿದ ವರ್ಷ ಅದು ತಲೆಯೆತ್ತಿ ಕಾಣಿಸಿಕೊಳ್ಳುತ್ತದೆ. ನಾವು ನೋಡಲು ಹೋಗುತ್ತೇವೆ, ಅಜ್ಜನ ಮನೆ ಮಾತ್ರ ಕಾಣುವುದಿಲ್ಲ. ಆ ನೀರಿನಿಂದ ಶರಾವತಿ ವಿದ್ಯುದಾಗಾರದಲ್ಲಿ 1,035 ಮೆಗಾವ್ಯಾಟ್ ಶಕ್ತಿಯನ್ನು ಉತ್ಪಾದಿಸಬಹುದು. ನಾಡು ಬೆಳಗಿತೆಂಬುದು ಸುಳ್ಳಲ್ಲ. ನನ್ನ ತಂದೆ ಮಾತ್ರ ಬಹುಕಾಲ ಚಿಮಣಿಯ ಬೆಳಕಿನಲ್ಲಿಯೇ ಲೆಕ್ಕ ಬರೆದರು.

1963ರಲ್ಲಿ ಒಂದು ಚೀಟಿ ಹಿಡಿದು, ಲಾರಿಯಲ್ಲಿ ಪಾತ್ರೆ, ಬಾಗಿಲುವಾಡ, ಎರಡು ಹಸು ತುಂಬಿಕೊಂಡು ನಾವು ಇಲ್ಲಿಗೆ ಬಂದೆವು. ನನಗೆ ಆರು ವರ್ಷ. ಕಾಡು ತೋರಿಸಿ, ಇದು ನಿಮ್ಮದೆಂದರು. ಹಗಲೆಲ್ಲ ಮರದ ಬುಡ ಕೀಳುವ ತಂದೆಯ ಬೆನ್ನು ನನಗೆ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಈ ಸಮತಟ್ಟಾದ ಜಾಗವನ್ನು ಬಿಟ್ಟು ಕೆಳಗಿನ ಇಳಿಜಾರಿನಲ್ಲಿ, ಧರೆಗೆ ಒತ್ತಿ, ಏಕೆ ಮನೆ ಕಟ್ಟಿದರೆಂದು ನಾವು ಎಷ್ಟೋ ಸಲ ಗೊಣಗಿದ್ದೆವು. ಅವರ ತಿಳಿವಳಿಕೆ ಸಾಲದೆಂದು ನಾನು ಒಮ್ಮೆ ಅವರ ಮುಂದೆಯೇ ಆಡಿದ್ದುಂಟು. ಅವರು ಏನೂ ಹೇಳಿರಲಿಲ್ಲ.

ತಾಯಿ ಹೇಳಿದರು: "ಮೊದಲನೇ ದಿನ ಇಲ್ಲೇ ಸವರೋಕೆ ಶುರು ಮಾಡಿದ್ರು. ಈ ಒರಳು ಸಿಕ್ತು, ಆಮೇಲೆ ಒಲೆಕಲ್ಲು ಸಿಕ್ತು. ಕತ್ತಿ ಕೆಳಗಿಟ್ರು. ನಮ್ಮ ಒಲೆ ಮೇಲೆ ನೀರು ನಿಂತು ಇನ್ನೂ ವರ್ಷ ಆಗಿಲ್ಲ, ಇನ್ನೊಬ್ಬರ ಒಲೆ ಮೇಲೆ ನಾನು ಗೋಡೆ ಎಬ್ಬಿಸ್ಲಾ ಅಂದ್ರು. ಮತ್ತೆ ಸೊಪ್ಪು ಮುಚ್ಚಿ ಕೆಳಗೆ ಹೋದ್ರು."

ಅರವತ್ತು ವರ್ಷಗಳ ಮೇಲಾಯಿತು. ಮೂವತ್ತು ವರ್ಷ ಚರಿತ್ರೆ ಹೇಳಿಕೊಟ್ಟ ನಾನು ನಮ್ಮ ಒದ್ದೆ ಗೋಡೆಯ ಚರಿತ್ರೆಯನ್ನು ಕೇಳಿರಲಿಲ್ಲ.

ಇನ್ನು ಕಾಗದದ ಮಾತು. ಕೆಳಗಿನ ತೋಟ ಹೇಗೋ ತಂದೆಯ ಹೆಸರಿಗೆ ಬಂತು. ಈ ಮೇಲಿನ ಜಾಗ ಪಹಣಿಯಲ್ಲಿ ಇನ್ನೂ ಅರಣ್ಯ. ಮುಳುಗಡೆಯ ಅಸಂಖ್ಯ ಕುಟುಂಬಗಳ ಪಾಡು ಇದೇ. ಸರ್ಕಾರ ಕಾಡು ತೋರಿಸಿ ಕೂರಿಸಿತು, ದಾಖಲೆಯಲ್ಲಿ ಕಾಡನ್ನು ಬಿಡಿಸಲಿಲ್ಲ. 1980ರ ಅರಣ್ಯ ಸಂರಕ್ಷಣಾ ಕಾಯಿದೆ ಬಂದ ಮೇಲೆ ಬಿಡಿಸುವ ಅಧಿಕಾರಕ್ಕೆ ಕೇಂದ್ರದ ಪೂರ್ವಾನುಮತಿ ಅಗತ್ಯವಾಯಿತು. ಮುಂದೆ ಹೊರಟ ಬಿಡುಗಡೆಯ ಆದೇಶಗಳು ಆ ಅನುಮತಿಯಿಲ್ಲವೆಂದು 2021ರಲ್ಲಿ ಉಚ್ಚ ನ್ಯಾಯಾಲಯದಲ್ಲಿ ರದ್ದಾದವು. 2006ರ ಅರಣ್ಯ ಹಕ್ಕುಗಳ ಕಾಯಿದೆಯಲ್ಲಿ ಬುಡಕಟ್ಟಿನವರಲ್ಲದ ಅರಣ್ಯವಾಸಿಗಳು 2005ರ ಡಿಸೆಂಬರ್ 13ಕ್ಕೆ ಹಿಂದೆ ಮೂರು ತಲೆಮಾರು, ಎಂದರೆ 75 ವರ್ಷ, ವಾಸವಿದ್ದುದನ್ನು ತೋರಿಸಬೇಕು. ಲೆಕ್ಕ ಸುಲಭ. ನಾವು ಬಂದದ್ದು 1963. ಆ ದಿನಕ್ಕೆ ನಮಗೆ ಆದದ್ದು 42 ವರ್ಷ. ಇನ್ನು 33 ವರ್ಷ ಸಾಲದು. ಆ ಮೂವತ್ತಮೂರು ವರ್ಷಗಳನ್ನು ನಾವು ಬೇರೊಂದು ಮನೆಯಲ್ಲಿ ಕಳೆದಿದ್ದೆವು; ಅದು ನೀರಿನಲ್ಲಿದೆ. ಎಪ್ಪತ್ತೈದು ವರ್ಷವನ್ನು ಸಾಧಿಸಬಹುದಾಗಿದ್ದವರು ಪ್ರಾಯಶಃ ಈ ಪಂಚಾಂಗದ ಒಡೆಯರು. ಅವರು ಅರ್ಜಿ ಹಾಕಲು ಉಳಿದಿಲ್ಲ.

ಕಾಡನ್ನು ಕಾಯುವ ಕಾಯಿದೆ ಬೇಡವೆಂದು ನಾನು ಹೇಳುವವನಲ್ಲ. ಅದಿಲ್ಲದಿದ್ದರೆ ಶರಾವತಿಯ ಕಣಿವೆಯಲ್ಲಿ ಇಂದು ಉಳಿದಿರುವಷ್ಟು ಹಸುರೂ ಉಳಿಯುತ್ತಿರಲಿಲ್ಲ. ನನ್ನ ತಕರಾರು ಇಷ್ಟೇ: ಕಾಡು ಎಂದು ಬರೆದ ಒಂದು ಮಾತಿನ ಅಡಿಯಲ್ಲಿ ಒರಳುಕಲ್ಲು ಇರಬಹುದು, ಅದರ ಮೇಲೆ ಒಬ್ಬ ಮನುಷ್ಯನ ಹಿಂಜರಿತವೂ ಇರಬಹುದು. ಶಾಸನ ಬರೆದವರು ಹುತ್ತವನ್ನೂ ಹುಣಿಸೆಮರವನ್ನೂ ಸಾಕ್ಷಿಗೆ ಕರೆದರು. ನಾವು ಮನುಷ್ಯರನ್ನಾದರೂ ಕರೆಯಬೇಡವೆ?

"ಹಾಗಾದರೆ ಇಲ್ಲಿ ಕಟ್ಟಬಾರದೆನ್ನುತ್ತೀಯಾ ಅಮ್ಮ?" ಎಂದು ತಮ್ಮ ಕೇಳಿದ. ಅವರು ಒರಳಿನ ಗುಳಿಯೊಳಗಿನ ಮಣ್ಣನ್ನು ಬೆರಳಿಂದ ತೆಗೆಯುತ್ತಿದ್ದರು. "ಅವರಿಗೆ ಆಗ ಮನಸ್ಸಾಗಲಿಲ್ಲ. ಅದು ಅವರದ್ದು. ಒಲೆ ಇದ್ದ ಜಾಗದಲ್ಲಿ ಒಲೆ ಹಚ್ಚಿದರೆ ಆ ತಾಯಿ ಬೇಜಾರು ಮಾಡ್ಕೊಳಲ್ಲ. ಈ ಒರಳು ಒಂದನ್ನ ಆಚೆ ಎಸೀಬೇಡಿ" ಎಂದರು.

ಆದ್ದರಿಂದ ಹೀಗೆ ನಿಶ್ಚಯಿಸಿದ್ದೇವೆ. ಲಂಟಾನದ ಹೊರತು ಬೇರೇನನ್ನೂ ತೆಗೆದಿಲ್ಲ. ಅಂಚಿನ ಹಲಸಿನ ಮರ ನಿಂತಿದೆ, ಹುತ್ತ ನಿಂತಿದೆ. ತಂದೆಯ ಚೀಟಿಯನ್ನೂ ಸೇರಿಸಿ ಮತ್ತೊಮ್ಮೆ ಅರ್ಜಿ ಕೊಟ್ಟಿದ್ದೇವೆ. ಉತ್ತರ ಬರುವ ತನಕ ಒಂದು ಕಲ್ಲನ್ನೂ ಇಡುವುದಿಲ್ಲ. ಉತ್ತರ ಬಾರದಿದ್ದರೆ ಹಳೆಯ ಮನೆಯ ಧರೆಯನ್ನು ಹಿಂದಕ್ಕೆ ಕಡಿಸಿ, ಅಗಳ ಆಳ ಮಾಡಿಸಿ, ಒದ್ದೆ ಗೋಡೆಯನ್ನು ಕೆಡವಿ ಕಟ್ಟುವುದು. ಹೇಗಿದ್ದರೂ ನೆಲ ಒಂದು ಮಳೆಗಾಲ ಕಾಯಬೇಕಷ್ಟೆ. ಜೊತೆಗೆ ನಾವೂ ಕಾಯುತ್ತೇವೆ.

ಹೊರಡುವ ದಿನ ಬೆಳಗ್ಗೆ ಮತ್ತೊಮ್ಮೆ ಮೇಲೆ ಹೋದೆ. ಮೇಸ್ತ್ರಿ ಪರೀಕ್ಷೆ ಮಾಡಿದ ಗುಂಡಿಯ ಪಕ್ಕದಲ್ಲಿ ಮಿಕ್ಕ ಮಣ್ಣು ಹಾಗೆಯೇ ಗುಡ್ಡೆಯಾಗಿತ್ತು. ಒರಳನ್ನು ಯಾರೋ ತೊಳೆದಿದ್ದರು. ಅದರ ಗುಳಿಯಲ್ಲಿ ನಿಂತ ನೀರಿಗೆ ಒಂದು ಪಿಕಳಾರ ಬಂದು ಕುಳಿತಿತ್ತು. ಅದು ಕುಡಿದು ಹಾರಿಹೋಗುವ ತನಕ ನಿಂತಿದ್ದು, ಬಸ್ಸಿನ ಹೊತ್ತಾಯಿತೆಂದು ಕೆಳಗಿಳಿದು ಬಂದೆ.